ಮೇಲೆ ಹೋದ ಕಟ್ಟೆ

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸ್ವಲ್ಪ ಮುಂಚೆ ಠಾಣೆಗೆ ಬಂದ ದೂರನ್ನು ದಫೇದಾರ ಮೊದಲು ತಮಾಷೆಯೆಂದುಕೊಂಡ. ದೂರು ತಂದವನು ನದಿದಂಡೆ ಪುನರಭಿವೃದ್ಧಿ ಯೋಜನೆಯ ವ್ಯವಸ್ಥಾಪಕ. ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ, ಬೂಟಿಗೆ ಮಾತ್ರ ಕೆಸರು ಮೆತ್ತಿತ್ತು. ಅವನ ಹಿಂದೆ ಅದೇ ಕಚೇರಿಯ ಜನಸಂಪರ್ಕಾಧಿಕಾರಿ, ಮೂವತ್ತರ ಆಸುಪಾಸಿನ ಹೆಂಗಸು, ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಏನು ಕಳುವಾಗಿದೆ?"

"ಕಟ್ಟೆ."

ದಫೇದಾರ ಪೆನ್ನು ಎತ್ತಿದ. "ಕಟ್ಟೆ ಮೇಲೆ ಇಟ್ಟಿದ್ದದ್ದು ಏನು?"

"ಕಟ್ಟೆ ಮೇಲಿದ್ದದ್ದಲ್ಲ. ಕಟ್ಟೆನೇ."

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ವ್ಯವಸ್ಥಾಪಕ ಮೊದಲಿನಿಂದ ವಿವರಿಸಿದ. ಅದು ತೇಲುವ ದೋಣಿಕಟ್ಟೆ. ಕಬ್ಬಿಣದ ಪೀಪಾಯಿಗಳ ಮೇಲೆ ಹಲಗೆ ಹಾಸಿ ಮಾಡಿದ್ದು, ಎರಡು ಬಸ್ಸು ಹಿಂದೆಮುಂದೆ ನಿಲ್ಲಿಸಿದಷ್ಟು ಉದ್ದ. ಊರಿನ ಕಡೆಯ ದಡದಲ್ಲಿ ಎದ್ದಿರುವ ಗಾಜಿನ ಮಹಡಿಮನೆಗಳ ಬುಡಕ್ಕೆ ಸರಪಳಿಯಲ್ಲಿ ಕಟ್ಟಿತ್ತು. ಶುಕ್ರವಾರ ಹನ್ನೊಂದಕ್ಕೆ ಹೊಸ ಸಾರಿಗೆ ದೋಣಿಯ ಉದ್ಘಾಟನೆ. ಜಲಸಾರಿಗೆಯವರು ಹೋದ ವಾರ ಕಟ್ಟೆಯನ್ನು ಪರೀಕ್ಷಿಸಿ, ಅದರ ಅಂಚಿಗೆ ಹಿತ್ತಾಳೆಯ ಮುದ್ರೆ ಹೊಡೆದು ಹೋಗಿದ್ದರು. ಮುದ್ರೆಯಿರುವ ಕಟ್ಟೆಯಲ್ಲಿ ದೋಣಿ ನಿಲ್ಲಲೇಬೇಕು, ಇಲ್ಲದ ಕಡೆ ನಿಲ್ಲುವಂತಿಲ್ಲ. ನಿಯಮ ಇಷ್ಟೇ. ಇಡೀ ನದಿಯಲ್ಲಿ, ದೋಣಿ ಹೊರಡುವ ಧಕ್ಕೆಯನ್ನು ಬಿಟ್ಟರೆ, ಮುದ್ರೆಯಿದ್ದ ಕಟ್ಟೆ ಇದೊಂದೇ.

"ಜೇಬಿಗೆ ಹಾಕ್ಕೊಂಡು ಹೋಗೋ ಮಾಲಲ್ಲ ಬಿಡಿ," ಎಂದ ದಫೇದಾರ. "ಸಿಗುತ್ತೆ."

ಒಂಬತ್ತೂ ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಸ್ಥಳ ಪಂಚನಾಮೆ ಹತ್ತೂವರೆಗೆ ಶುರುವಾಯಿತು. ಹೂಕುಂಡಗಳಿಗೆ ನೀರು ಹಾಕುತ್ತಿದ್ದ ಮಾಲಿ, ಹಾಲಿನ ಗಾಡಿಯವನು, ಇವರಿಬ್ಬರು ಪಂಚರು. ದಡದಲ್ಲಿ ಸರಪಳಿಗಳು ಹಾಗೇ ಇದ್ದವು. ಯಾರೂ ಅವನ್ನು ಕತ್ತರಿಸಿರಲಿಲ್ಲ. ಬೋಲ್ಟುಗಳನ್ನು ಬಿಚ್ಚಿ, ಎಣ್ಣೆ ಒರೆಸಿ, ಕಲ್ಲಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು.

"ಇದು ಕಳ್ಳರ ಕೆಲಸ ಅಲ್ಲ ಸಾರ್, ನಮ್ಮತ್ತೆ ಕೆಲಸ," ಎಂದ ದಫೇದಾರ. "ಪಾತ್ರೆ ತೊಳೆದು ಹೀಗೇ ಬೋರಲು ಹಾಕ್ತಾರೆ."

ಇನ್ಸ್‌ಪೆಕ್ಟರ್ ನಗಲಿಲ್ಲ. ಬೋಲ್ಟುಗಳನ್ನು ಜಪ್ತಿ ಮಾಡಿಸಿ ಕಾವಲುಗಾರನನ್ನು ಕರೆಸಿದರು. ಯೋಜನೆ ಬರುವ ಮುಂಚೆ ಇದೇ ದಡದ ಗಲ್ಲಿಗಳಲ್ಲಿ ಮನೆಯಿದ್ದವನು ಅವನು. ಗಲ್ಲಿಗಳನ್ನು ಕೆಡವಿದ ಮೇಲೆ ಉಳಿದೆಲ್ಲರ ಜೊತೆ ಆಚೆ ದಡದ ಹೊಸ ಕಟ್ಟಡಗಳಿಗೆ ಹೋಗಿದ್ದ. ಕೆಲಸಕ್ಕೆ ಮಾತ್ರ ತನ್ನ ಹಳೇ ಮನೆಯಿದ್ದ ಜಾಗಕ್ಕೇ ದಿನಾ ಬರುತ್ತಿದ್ದ.

"ಏನಾದ್ರೂ ಸದ್ದು ಕೇಳಿಸ್ತಾ?"

"ಕೇಳಿಸ್ತು ಸಾರ್. ಇಂಜಿನ್ ಥರ, ಗುರ್ರ್ ಅಂತ."

"ಎಲ್ಲಿಂದ?"

"ಮೇಲ್ಗಡೆಯಿಂದ."

"ಹೋಗಿ ನೋಡ್ಲಿಲ್ವಾ?"

"ಮೇಲಿಂದು ನನಗೆ ಸೇರಿದ್ದಲ್ವಲ್ಲ ಸಾರ್."

ಇನ್ಸ್‌ಪೆಕ್ಟರ್, ದಫೇದಾರ, ಇಬ್ಬರೂ ಕತ್ತೆತ್ತಿ ನೋಡಿದರು. ತಲೆಯ ಮೇಲೆ ಇಪ್ಪತ್ತು ಮಹಡಿ ಗಾಜು. ಮಧ್ಯಾಹ್ನದವರೆಗೆ ತಾರಸಿ ಜಾಲಾಡಿದರು. ಲಿಫ್ಟಿನ ಯಂತ್ರ ನೋಡಿದರು, ನೀರಿನ ಪಂಪು ನೋಡಿದರು. ಕೊನೇ ಮಹಡಿಯಲ್ಲಿ ವ್ಯಾಯಾಮದ ಯಂತ್ರ ಇಟ್ಟುಕೊಂಡಿದ್ದ ನಿವೃತ್ತ ಪ್ರೊಫೆಸರೊಬ್ಬರನ್ನು, ಅದು ಗುರ್ರ್ ಅನ್ನುತ್ತದೆಯೆಂಬ ಒಂದೇ ಕಾರಣಕ್ಕೆ, ಮುಕ್ಕಾಲು ಗಂಟೆ ವಿಚಾರಿಸಿದರು. ಅವರು ಯಂತ್ರದ ಮೇಲೆ ಓಡಿ ತೋರಿಸಿದರು. ಅದರಿಂದ ಕಟ್ಟೆಯನ್ನು ಎಳೆಯಲು ಸಾಧ್ಯವಿಲ್ಲವೆಂದು ದಫೇದಾರ ಖಾತ್ರಿ ಮಾಡಿಕೊಂಡ.

ಕೆಳಗಿಳಿದಾಗ ಜನಸಂಪರ್ಕಾಧಿಕಾರಿ ಎಲ್ಲರಿಗೂ ಚಹಾ ತರಿಸಿದ್ದಳು. ಅವಳ ಮಾತು ತೊಳೆದ ಗಾಜಿನ ಹಾಗೆ, ಯಾವ ಊರಿನ ಕಲೆಯೂ ಇಲ್ಲ. ಲೋಟ ಕೊಡುತ್ತಾ ಕೇಳಿದಳು, "ಕೆಳಗೆಲ್ಲ ಹುಡುಕಿದ್ರಾ ಸಾರ್?"

"ಕೆಳಗೆ ಕಾರು ನಿಲ್ಲಿಸೋ ಜಾಗ. ಅದನ್ನೂ ನೋಡಿದ್ವಿ."

ಅವಳು ಏನೋ ಹೇಳಹೊರಟು, "ಹಾಗಾ," ಎಂದಷ್ಟೇ ಹೇಳಿ ಮುಂದಿನವರಿಗೆ ಲೋಟ ಕೊಟ್ಟಳು.

ಮಂಗಳವಾರ, ಬುಧವಾರ ಎರಡು ದಿನವೂ ಪೊಲೀಸ್ ದೋಣಿ ಹರಿವಿನ ಜೊತೆ ಹೋಗಿ ಅಣೆಕಟ್ಟಿನ ತನಕ ಹುಡುಕಿತು. ಬಿಚ್ಚಿಕೊಂಡ ವಸ್ತು ನೀರು ಹೋದ ಕಡೆ ಹೋಗಬೇಕು. ಸಿಕ್ಕಿದ್ದು ಒಂದು ಮರದ ಕುರ್ಚಿ, ಯಾರದೋ ಛತ್ರಿ.

ಬುಧವಾರ ಸಂಜೆ ಇನ್ಸ್‌ಪೆಕ್ಟರ್ ಯೋಜನಾ ಕಚೇರಿಗೆ ಹೋದಾಗ ಗೋಡೆಯ ತುಂಬ ಮುಂದಿನ ನದಿಯ ಬಣ್ಣದ ಚಿತ್ರವಿತ್ತು. ಎರಡೂ ದಡಗಳಲ್ಲಿ ಮರಗಳು, ಮನೆಗಳು, ನಡುವೆ ಬಿಳಿ ದೋಣಿ. ಆಚೆ ದಡದ ಹೊಸ ಕಟ್ಟಡಗಳ ಮುಂದೆ, ಹಳೇ ಕಲ್ಲಿನ ಮೆಟ್ಟಿಲ ಹತ್ತಿರ, ಒಂದು ಕಟ್ಟೆ ಬರೆದು ಆಮೇಲೆ ಅದರ ಮೇಲೆ ಹಸಿರು ಕಾಗದ ಅಂಟಿಸಿದ್ದರು.

"ಇಲ್ಲೇನಿತ್ತು?" ಎಂದು ಕೇಳಿದರು.

ಅಲ್ಲಿಗೊಂದು ಕಟ್ಟೆ ಕೊಡುವ ಆಲೋಚನೆ ಇದ್ದದ್ದು ನಿಜ, ಈ ಹಂತದಲ್ಲಿ ಆಗಲಿಲ್ಲ, ಮೊದಲು ಮಹಡಿಮನೆಗಳು ಮಾರಾಟವಾಗಬೇಕು ಎಂದು ವ್ಯವಸ್ಥಾಪಕ ಹೇಳಿದ. ಹೇಳುತ್ತಲೇ ಜನಸಂಪರ್ಕಾಧಿಕಾರಿಯ ಕಡೆ ತಿರುಗಿದ. "ನಾಳೆ ಹೋಗಿ ಆ ದಡದವರಿಗೆ ಹೇಳಿಬಿಡಮ್ಮಾ, ದೋಣಿ ಮುಂದಿನ ಹಂತದಲ್ಲಿ ಬರುತ್ತೆ ಅಂತ. ನಿನ್ನ ಮಾತಂದ್ರೆ ಕೇಳ್ತಾರೆ."

"ಹೇಳ್ತೀನಿ ಸಾರ್," ಎಂದಳು ಅವಳು.

ಗುರುವಾರ ಇನ್ಸ್‌ಪೆಕ್ಟರ್ ತನಿಖೆಯ ದಿಕ್ಕು ಬದಲಿಸಿದರು. ತೇಲಿ ಹೋಗಿಲ್ಲವೆಂದರೆ ಯಾರೋ ಎಳೆದೊಯ್ದಿದ್ದಾರೆ. ಅಷ್ಟು ಭಾರ ಎಳೆಯುವ ದೋಣಿ ಈ ನದಿಯಲ್ಲಿ ಒಂದೇ: ಯೋಜನೆಯ ಗುತ್ತಿಗೆಯಲ್ಲಿ ಹೂಳೆತ್ತುವ ದೋಣಿ. ಚಾಲಕನ ಮನೆ ಆಚೆ ದಡದ ಹೊಸ ಕಟ್ಟಡದಲ್ಲಿ. ಅವನ ಫೋನು ಮೂರು ದಿನದಿಂದ ಸತ್ತಿತ್ತು.

ಜೀಪು ಸೇತುವೆ ಸುತ್ತಿ ಹೊರಟಿತು. ಸಂಜೆ ಐದೂವರೆ. ಸೇತುವೆಯ ಉದ್ದಕ್ಕೂ ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಊರಿನ ಕಡೆಯ ಧಕ್ಕೆಯ ಪಕ್ಕದ ಪ್ಯಾಕಿಂಗ್ ಶೆಡ್ಡುಗಳಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟವರು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಅವರ ಮನೆಯ ಕಿಟಕಿ, ಒಣಹಾಕಿದ ಸೀರೆ, ಎಲ್ಲ ಕಾಣುತ್ತದೆ. ನಡುವೆ ಬರೀ ನದಿ. ನಡೆದರೆ ಒಂದೂಕಾಲು ಗಂಟೆ. ಜೀಪಿನಲ್ಲಿದ್ದ ಮಹಿಳಾ ಪೇದೆಯ ಅಕ್ಕನೂ ಅಲ್ಲೇ ಕೆಲಸಕ್ಕೆ ಹೋಗುವವಳು. ಆ ಕಟ್ಟಡದವರ ಮಾತನ್ನು ಪೇದೆ ಹೇಳಿದಳು: ಮನೆ ಕೊಡ್ತೀವಿ ಅಂದ್ರು, ಬಂತು. ಕೆಲಸ ಅಂದ್ರು, ಬಂತು. ದಾರಿ ಅಂದ್ರು. ಮದುವೆಯೇನೋ ಆಯ್ತು ಸಾರ್, ಗಂಡೇ ಬರ್ಲಿಲ್ಲ.

ಯೋಜನೆಯ ಪರವಾಗಿ ಬಂದು ಮಾತಾಡುತ್ತಿದ್ದ ಜನಸಂಪರ್ಕಾಧಿಕಾರಿಗೆ ಅವರಿಟ್ಟ ಹೆಸರು ಭರವಸೆ ಮೇಡಂ. ಅವಳ ಕಾರು ಕಂಡರೆ ಮಕ್ಕಳು ಕೂಡ "ಭರವಸೆ ಬಂತು, ಭರವಸೆ ಬಂತು" ಎಂದು ಕೂಗುತ್ತಿದ್ದರಂತೆ.

ಚಾಲಕನ ಮನೆ ನಾಲ್ಕನೇ ಮಹಡಿಯಲ್ಲಿ. ಬಾಗಿಲು ತೆರೆದವಳು ಅವನ ತಾಯಿ. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ. ಒಳಗೆ ಕೂರಿಸಿ ನೀರು ಕೊಟ್ಟಳು.

"ಮಗ ಎಲ್ಲಿ ತಾಯಿ?" ಎಂದ ದಫೇದಾರ.

"ಮೇಲೆ ಹೋದ."

ದಫೇದಾರ ಲೋಟ ಕೆಳಗಿಟ್ಟ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಯಾವಾಗ?"

"ಭಾನುವಾರ ಹೋದೋನು."

"ಅಯ್ಯೋ ಪಾಪ. ಇನ್ನೂ ವಯಸ್ಸಿತ್ತಲ್ಲ. ಮಣ್ಣಾಯ್ತಾ ಅಮ್ಮಾ?"

"ಎಲ್ಲಿಂದ ಆಗುತ್ತೆ? ಇನ್ನೂ ಶನಿವಾರದ ತನಕ ಮಣ್ಣಿದೆ ಅಂದ."

ಮಹಿಳಾ ಪೇದೆ ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ದಫೇದಾರ ತಿಳಿದ. ಮುದುಕಿ ದಫೇದಾರನ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು, ಮುಖ ನೋಡಿದಳು, ಆಮೇಲೆ ಅರ್ಥವಾಯಿತು.

"ಥೂ ನಿನ್ನ ಬಾಯಿಗಿಷ್ಟು. ನನ್ನ ಮಗ ಕಲ್ಲುಗುಂಡಿನ ಹಂಗಿದಾನೆ. ಮೇಲೆ ಹೋದ ಅಂದ್ರೆ ಮೇಲೆ ಹೋದ. ದೋಣಿ ತಗೊಂಡು, ಮಣ್ಣೆತ್ತೋಕೆ."

"ಮೇಲೆ ಅಂದ್ರೆ?"

ಅವಳು ಕಿಟಕಿಯಿಂದ ಕೈ ಚಾಚಿ ತೋರಿಸಿದಳು. ನದಿ ಬರುವ ದಿಕ್ಕು. "ನೀರು ಬರೋದು ಮೇಲೆ. ನೀರು ಹೋಗೋದು ಕೆಳಗೆ. ನಾವು ಗಲ್ಲಿಯೋರು ಹುಟ್ಟಿದಾಗಿಂದ ಹಿಂಗೇ ಅನ್ನೋದು. ನಿಮ್ಮ ಮೆಟ್ಟಿಲು ಹತ್ತೋದಕ್ಕೆ ನಾವು 'ಹತ್ತೋದು' ಅಂತೀವಪ್ಪ."

ಇನ್ಸ್‌ಪೆಕ್ಟರ್ ಕಿಟಕಿಯ ಹತ್ತಿರ ನಿಂತೇ ಇದ್ದರು. ಕಾವಲುಗಾರ ಮೊದಲ ದಿನವೇ ಸರಿಯಾದ ದಿಕ್ಕು ಹೇಳಿದ್ದ. ತಾವು ತಾರಸಿ ಹತ್ತಿ ಒಬ್ಬ ಪ್ರೊಫೆಸರನ್ನು ಓಡಿಸಿದ್ದರು.

ಶುಕ್ರವಾರ ಬೆಳಗ್ಗೆ ಏಳೂವರೆಗೆ, ಹಳೇ ಇಟ್ಟಿಗೆ ಗೂಡುಗಳ ಹತ್ತಿರ ನದಿ ಒಳಸರಿದ ಜಾಗದಲ್ಲಿ ಹೂಳೆತ್ತುವ ದೋಣಿ ಸಿಕ್ಕಿತು. ಚಾಲಕ ಹಲ್ಲುಜ್ಜುತ್ತಿದ್ದ. ಫೋನು ಕೆಸರಿಗೆ ಬಿದ್ದಿದೆಯೆಂದು ಹೇಳಿ ತೋರಿಸಿದ. ಕಟ್ಟೆ ಅಲ್ಲಿರಲಿಲ್ಲ. ಜೊಂಡಿನಲ್ಲಿ ಅದು ಮಲಗಿದ್ದ ಅಗಲದ ಗುರುತು ಮಾತ್ರ ಇತ್ತು.

ಅವನು ಏನನ್ನೂ ಮುಚ್ಚಿಡಲಿಲ್ಲ. ಭಾನುವಾರ ಯೋಜನಾ ಕಚೇರಿಯಿಂದ ಫೋನು ಬಂತು, ಕಚೇರಿಯದೇ ನಂಬರು. ಕಟ್ಟೆ ಬಿಚ್ಚಿ ಇಲ್ಲಿಗೆ ತಂದಿಡಬೇಕು, ಶುಕ್ರವಾರ ಬೆಳಕಾಗುತ್ತಲೇ ಹೊಸ ಕಟ್ಟಡದ ಮೆಟ್ಟಿಲಿಗೆ ಕಟ್ಟಬೇಕು ಎಂದರು. ಬೋಲ್ಟು ಕಳೆಯಬೇಡ, ಒರೆಸಿಡು ಎಂದೂ ಹೇಳಿದರು. ಇವತ್ತು ಬೆಳಗ್ಗೆ ಕಟ್ಟಿ ಬಂದೆ. ತಪ್ಪೇನಾಯ್ತು ಸಾರ್?

"ಮಾತಾಡಿದ್ದು ಯಾರು?"

"ಹೆಸರು ಹೇಳ್ಲಿಲ್ಲ. ಹೆಂಗಸು. ನಮ್ಮೋರೇ ಯಾರೋ."

"ನಿಮ್ಮೋರು ಅಂತ ಹೇಗೆ ಗೊತ್ತು?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "'ಕಟ್ಟೆನ ಮೇಲೆ ತಗೊಂಡು ಹೋಗು' ಅಂದ್ರು. ಆಫೀಸಿನೋರು ಯಾರೂ ಹಂಗನ್ನಲ್ಲ, ನಕ್ಷೆ ನೋಡಿ ಉತ್ತರ, ದಕ್ಷಿಣ ಅಂತಾರೆ. ನಮ್ಮ ಗಲ್ಲಿಯೋರನ್ನ ಆ ಆಫೀಸಿಗೆ ಸೇರಿಸ್ಕೊಳ್ಳೋದೂ ಇಲ್ಲ. ಜಾಗ ಬಿಟ್ಟುಕೊಟ್ಟ ಮನೆಯೋರಿಗೆ ಕಾವಲು, ಗುತ್ತಿಗೆ ಬಿಟ್ರೆ ಆಫೀಸಿನೊಳಗೆ ಕೆಲಸ ಇಲ್ಲ ಅಂತ ರೂಲ್ಸಿದೆ. ಅದಕ್ಕೇ ನನಗೂ ಸ್ವಲ್ಪ ಆಶ್ಚರ್ಯ ಆಯ್ತು."

ದಫೇದಾರ ಬಾಯಿ ತೆರೆಯುವ ಮುಂಚೆ ಇನ್ಸ್‌ಪೆಕ್ಟರ್ ಜೀಪಿನ ಕಡೆ ಹೊರಟಿದ್ದರು. ಸೋಮವಾರ ಚಹಾ ಕೊಡುತ್ತಾ ಜನಸಂಪರ್ಕಾಧಿಕಾರಿ ಕೇಳಿದ್ದು ನೆನಪಾಗಿತ್ತು: ಕೆಳಗೆಲ್ಲ ಹುಡುಕಿದ್ರಾ ಸಾರ್? ಅವಳು ಕೇಳಿದ್ದು ಕಾರು ನಿಲ್ಲಿಸುವ ಜಾಗವನ್ನಲ್ಲ. ಅವರನ್ನು ಹರಿವಿನ ಜೊತೆ ಕಳಿಸಲು ನೋಡಿದ್ದಳು. ಅವರು ಅವಳ ಮಾತೇ ಅರ್ಥವಾಗದೆ, ತಾವೇ ಯೋಚಿಸಿ, ಅವಳು ಬಯಸಿದಲ್ಲಿಗೇ ಹೋಗಿದ್ದರು.

ಆಚೆ ದಡದ ಮೆಟ್ಟಿಲಿಗೆ ಅವರು ತಲುಪಿದಾಗ ಹತ್ತು ಗಂಟೆ. ಕಟ್ಟೆ ಅಲ್ಲಿತ್ತು. ಅದರ ಮೇಲೆ ನೂರಕ್ಕೂ ಹೆಚ್ಚು ಜನ. ಆ ದಿನ ಶೆಡ್ಡಿಗೆ ಹೋಗದ ಹೆಂಗಸರು, ಅವರ ಗಂಡಂದಿರು, ಹೊರಗಿನಿಂದ ಎತ್ತಿ ತಂದ ಕುರ್ಚಿಗಳಲ್ಲಿ ಮುದುಕರು. ಯಾರೂ ಘೋಷಣೆ ಕೂಗುತ್ತಿರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಕಾಯುತ್ತಿದ್ದರು. ತುದಿಯಲ್ಲಿ, ಹಿತ್ತಾಳೆ ಮುದ್ರೆಯ ಪಕ್ಕ, ಚಪ್ಪಲಿ ಬಿಟ್ಟು ಕಾಲು ನೀರಿಗೆ ಇಳಿಬಿಟ್ಟು ಜನಸಂಪರ್ಕಾಧಿಕಾರಿ ಕೂತಿದ್ದಳು. ಚಾಲಕನ ತಾಯಿ ಅವಳ ಪಕ್ಕದಲ್ಲಿದ್ದಳು.

ಇನ್ಸ್‌ಪೆಕ್ಟರ್ ಮೊದಲು ಮುದುಕಿಯನ್ನೇ ಕೇಳಿದರು. "ನಿಮಗೆ ಇವರು ಗೊತ್ತಾ?"

"ಹಗ್ಗ ಹೊಸೆಯೋನ ಮಗಳು. ಪಕ್ಕದ ಮನೆ. ಸಣ್ಣೋಳಿದ್ದಾಗ ನನ್ನ ಮೊಣಕಾಲ ಮೇಲೆ ಬೆಳೆದೋಳು."

"ನಿನ್ನೆ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ. ಕೇಳಿದ್ರೂ ಹೇಳ್ತಿರಲಿಲ್ಲ. ನಮ್ಮ ಕೂಸು ಮೇಜಿನ ಆ ಕಡೆ ಕೂತಿದೆ ಅಂತ ಇಲ್ಲಿ ನಮ್ಮಂಥ ಹಳಬರಿಗೆಲ್ಲ ಗೊತ್ತಿತ್ತು, ನನ್ನ ಮಗನಿಗೂ ಬಾಯಿ ಬಿಟ್ಟಿರ್ಲಿಲ್ಲ. ಹೇಳಿ ಹೊಟ್ಟೆ ಮೇಲೆ ಹೊಡೆಯೋಣ್ವಾ?" ಸ್ವಲ್ಪ ತಡೆದು ಸೇರಿಸಿದಳು, "ಭರವಸೆ ಮೇಡಂ ಅಂತ ಆಡ್ಕೊಂಡ್ವಿ. ಅದು ಬೇರೆ."

ಹುಡುಗಿ ಎದ್ದು ನಿಂತಳು. ವಿಚಾರಣೆ ಅಲ್ಲೇ, ನಿಂತ ಕಾಲಲ್ಲೇ ನಡೆಯಿತು.

"ಫೋನ್ ಮಾಡಿದ್ದು ನೀವೇನಾ?"

"ನಾನೇ."

"ಚಾಲಕನಿಗೆ ಗೊತ್ತಿತ್ತಾ?"

"ಇಲ್ಲ. ಅವನು ಆಫೀಸಿನ ಮಾತು ಅಂತ ನಂಬಿದ. ಅವನನ್ನ ಬಿಟ್ಬಿಡಿ."

"ಉದ್ಘಾಟನೆ ದಿನ ಇದನ್ನ ಇಲ್ಲಿ ತಂದು ಕಟ್ಟಿದ್ರೆ ಮಧ್ಯಾಹ್ನವೇ ಬಿಚ್ಚಿ ವಾಪಸ್ ಒಯ್ತಾರೆ. ಅಷ್ಟೂ ಯೋಚಿಸ್ಲಿಲ್ವಾ?"

ಅವಳು ಮೊದಲ ಸಲ ನಕ್ಕಳು. "ಆಫೀಸಿನ ಆದೇಶ ಅಂತ ತಂದಿದ್ರೆ ಒಯ್ಯಬಹುದಿತ್ತು. ಅದಕ್ಕೇ ಕದ್ದೆ. ಕದ್ದ ಮಾಲು ಸಿಕ್ಕಿದ ಮೇಲೆ ಅದು ಮುದ್ದೆಮಾಲು ಅಲ್ವಾ ಸಾರ್? ಕೋರ್ಟು ಹೇಳೋ ತನಕ ಯಾರೂ ಮುಟ್ಟೋ ಹಾಗಿಲ್ಲ. ಸೋಮವಾರ ದೂರು ಬರೆಸೋಕೆ ಅವರ ಜೊತೆ ಬಂದದ್ದು ಯಾಕಂದ್ಕೊಂಡ್ರಿ? ಎಫ್‌ಐಆರ್ ಆಯ್ತಾ ಇಲ್ವಾ ನೋಡೋಕೆ."

ದಫೇದಾರ ಟೋಪಿ ತೆಗೆದ. ಈ ಸಲವೂ ಯಾರೂ ಸತ್ತಿರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ವ್ಯವಸ್ಥಾಪಕನ ಕಾರು ಬಂತು. ದೂರದಿಂದಲೇ ಕಟ್ಟೆಯನ್ನು ಕಂಡು ಅವನ ಮುಖ ಅರಳಿತು, ಹತ್ತಿರ ಬಂದು ತನ್ನ ಜನಸಂಪರ್ಕಾಧಿಕಾರಿಯನ್ನು ಕಂಡು ಮುದುಡಿತು. ಹೂಳೆತ್ತುವ ದೋಣಿಯನ್ನು ತಕ್ಷಣ ಕರೆಸಬೇಕು, ಹನ್ನೊಂದಕ್ಕೆ ಕಟ್ಟೆ ತನ್ನ ಜಾಗದಲ್ಲಿರಬೇಕು, ಅತಿಥಿಗಳು ಹೊರಟಾಗಿದೆ ಎಂದ.

"ಆಗಲ್ಲ," ಎಂದರು ಇನ್ಸ್‌ಪೆಕ್ಟರ್. "ಪಂಚನಾಮೆ ಆಗಬೇಕು. ಆಮೇಲೆ ಸೀಲು. ಆಮೇಲೆ ನೀವು ಕೋರ್ಟಿಗೆ ಅರ್ಜಿ ಹಾಕ್ಕೊಳ್ಳಿ."

"ನಮ್ಮ ವಸ್ತು ಸಾರ್ ಅದು."

"ನಿಮ್ಮದೇ. ಅದಕ್ಕೇ ಇಷ್ಟು ಜೋಪಾನ."

ಠಾಣೆಗಾದರೂ ಸಾಗಿಸಿ ಎಂದು ಅವನು ಕೇಳಿಕೊಂಡ. ಎರಡು ಬಸ್ಸಿನಷ್ಟು ಉದ್ದದ ಮಾಲನ್ನು ಇಡಲು ಠಾಣೆಯಲ್ಲಿ ಜಾಗವಿಲ್ಲ, ಇದ್ದಲ್ಲೇ ಜಪ್ತಿ ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ ಎಂದು ಇನ್ಸ್‌ಪೆಕ್ಟರ್ ತಾಳ್ಮೆಯಿಂದ ವಿವರಿಸಿದರು. ವ್ಯವಸ್ಥಾಪಕ ಫೋನು ಹೊರಗೆ ತೆಗೆದ. "ನಾನು ಮೇಲೆ ಮಾತಾಡ್ತೀನಿ."

"ಯಾವ ಮೇಲೆ?" ಎಂದರು ಇನ್ಸ್‌ಪೆಕ್ಟರ್. "ಇಲ್ಲಿ ಮೇಲೆ ಅಂದ್ರೆ ಬರೀ ನೀರು ಬರೋ ದಿಕ್ಕು."

ಕಟ್ಟೆಯ ಮೇಲೆ ನಗು ಎದ್ದಿತು, ಒಂದು ತುದಿಯಿಂದ ಇನ್ನೊಂದಕ್ಕೆ ಹರಡಿತು. ಮೇಲಿನಿಂದ ಫೋನು ಬಂದದ್ದೂ ನಿಜವೇ. ಇನ್ಸ್‌ಪೆಕ್ಟರ್ ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ಕೇಳಿಸಿಕೊಂಡರು. ನಂತರ ಹೇಳಿದ್ದು ಇಷ್ಟು: "ಬರೆದು ಕಳಿಸಿ ಸಾರ್, ತನಿಖೆಯ ಕಡತಕ್ಕೆ ಸೇರಿಸ್ತೀನಿ." ಬರೆದದ್ದು ಯಾವತ್ತೂ ಬರಲಿಲ್ಲ.

ಪಂಚನಾಮೆಗೆ ಪಂಚರಾಗಲು ಜನ ಮುಗಿಬಿದ್ದರು. ಉದ್ದ, ಅಗಲ, ಪೀಪಾಯಿ, ಹಲಗೆ, ಹಿತ್ತಾಳೆ ಮುದ್ರೆ, ಒಂದೊಂದೂ ದಾಖಲಾಯಿತು. ಕಂಬಿಯ ಗೂಟಕ್ಕೆ ಬಟ್ಟೆ ಸುತ್ತಿ ದಫೇದಾರ ಅರಗಿನ ಸೀಲು ಒತ್ತಿದ. ಮಹಿಳಾ ಪೇದೆ ಹುಡುಗಿಯ ಕೈ ಹಿಡಿದಳು. ಹಿಡಿದದ್ದು ಮಣಿಕಟ್ಟನ್ನಲ್ಲ, ಬೆರಳುಗಳನ್ನು. ಹತ್ತೂ ಐವತ್ತಕ್ಕೆ ದಸ್ತಗಿರಿಯಾಯಿತು.

ಹನ್ನೊಂದೂ ಹತ್ತಕ್ಕೆ ಬಿಳಿ ದೋಣಿ ಕಾಣಿಸಿತು. ಅತಿಥಿಗಳನ್ನು ಹೊತ್ತು, ಬಣ್ಣದ ಬಾವುಟ ಕಟ್ಟಿಕೊಂಡು ನದಿಯ ನಡುಮಧ್ಯದಲ್ಲಿ ಬರುತ್ತಿತ್ತು. ಯಾರೂ ಕೂಗಲಿಲ್ಲ. ಮುದುಕರೂ ಕುರ್ಚಿಯಿಂದ ಎದ್ದು ನಿಂತರು. ದೋಣಿ ಮೆಟ್ಟಿಲಿನ ನೇರಕ್ಕೆ ಬಂತು, ದಾಟಿಹೋಗುವ ಹಾಗೆ ಕಂಡಿತು, ನಂತರ ಕಟ್ಟೆಯ ಕಡೆ ಮೂತಿ ತಿರುಗಿಸಿತು. ಸಾರಂಗ, ದೋಣಿ ನಡೆಸುವವನು, ಕಿಟಕಿಯಿಂದ ಬಗ್ಗಿ ಮುದ್ರೆ ನೋಡಿದ. ಒಳಗಿನಿಂದ ಯಾರೋ ಏನೋ ಹೇಳುತ್ತಿದ್ದರು. ಅವನು ಅವರಿಗೂ ದಡದವರಿಗೂ ಒಟ್ಟಿಗೇ ಕೇಳುವಂತೆ ಹೇಳಿದ, "ಮುದ್ರೆ ಇದ್ದ ಕಡೆ ನಿಲ್ಲಬೇಕು ಅಂತಿದೆ. ಯಾವ ದಡ ಅಂತ ಬರೆದಿಲ್ಲ."

ಹಗ್ಗ ಬಂದು ಬಿತ್ತು. ಹಗ್ಗ ಹೊಸೆಯುವವನ ಮಗಳು ಯೋಚಿಸದೆ ಬಗ್ಗಿ, ಪೇದೆ ಹಿಡಿಯದ ಕೈಯಿಂದ ಅದನ್ನೆತ್ತಿ, ಗೂಟಕ್ಕೆ ಸುತ್ತಿ ಬಿಗಿದಳು.

ಠಾಣೆ ಊರಿನ ಕಡೆಯ ದಡದಲ್ಲಿತ್ತು. ಜೀಪು ಸೇತುವೆ ಸುತ್ತಿ ಬರಲಿ ಎಂದು ಹೇಳಿ, ಇನ್ಸ್‌ಪೆಕ್ಟರ್ ಆರೋಪಿಯನ್ನು ದೋಣಿ ಹತ್ತಿಸಿದರು. ಆ ಕಟ್ಟೆಯಿಂದ ದೋಣಿ ಹತ್ತಿದ ಮೊದಲ ಪ್ರಯಾಣಿಕರು ಅವರು. ಹಿಂದೆ ಶೆಡ್ಡಿನ ಹೆಂಗಸರು ಹತ್ತಿದರು, ಅರ್ಧ ದಿನದ ಪಾಳಿಯಾದರೂ ಸಿಗಲಿ ಎಂದು. ಊರಿನ ಕಡೆಯ ದಡ ತಲುಪಲು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಠಾಣೆಯಲ್ಲಿ ಅವಳ ಹೇಳಿಕೆ ಚಿಕ್ಕದಾಗಿತ್ತು. ಮನೆ ಕೆಡವುವ ಮುಂಚೆ ಮೂರು ಸಲ ಆ ಜನರ ಮುಂದೆ ನಿಂತು, ಚಿತ್ರ ತೋರಿಸಿ, ದೋಣಿ ಇಲ್ಲೇ ನಿಲ್ಲುತ್ತೆ ಅಂದವಳು ತಾನು. ಅದನ್ನು ನಂಬಿಯೇ ಅವರು ಬೀಗದ ಕೈ ಕೊಟ್ಟರು. ತಾನೂ ನಂಬಿದ್ದವಳೇ. ಹೋದ ವಾರ ಕಟ್ಟೆ ಗಾಜಿನ ಮನೆಗಳ ಪಾಲಾದಾಗ, ಈ ಸಲ ಹೋಗಿ 'ಮುಂದಿನ ಹಂತ' ಎನ್ನಬೇಕೆಂದು ತಿಳಿಯಿತು.

"ಕಚೇರಿಯ ಮಾತಾಗಿದ್ರೆ ಹೇಳಿಬಿಡ್ತಿದ್ದೆ ಸಾರ್," ಎಂದಳು. "ಕೊಟ್ಟದ್ದು ನನ್ನ ಮಾತು. ನನ್ನದೇ ಬಾಯಿ."

ಪಶ್ಚಾತ್ತಾಪವಿದೆಯೇ ಎಂದು ಕೇಳಿದ್ದಕ್ಕೆ, ಪ್ರೊಫೆಸರಿಗೆ ತೊಂದರೆಯಾದದ್ದಕ್ಕೆ ಇದೆ ಎಂದಳು.

ಮರುದಿನ ಅವಳಿಗೆ ಜಾಮೀನು ಸಿಕ್ಕಿತು. ಕೆಲಸ ಹೋಯಿತು. ಕಟ್ಟೆಯ ವಶಕ್ಕಾಗಿ ಯೋಜನೆಯವರು ಅರ್ಜಿ ಹಾಕಿದರು, ಆಚೆ ದಡದವರು ತಕರಾರು ಹಾಕಿದರು, ಜಲಸಾರಿಗೆಯವರು ಕಾಲಾವಕಾಶ ಕೇಳಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಗೆಲ್ಲುವುದೂ ಸೋಲುವುದೂ ಆಗದೆ ವಾಯಿದೆ ಬೀಳುತ್ತಿದ್ದರೆ ಸಾಕು ಎನ್ನುವ ಕಕ್ಷಿದಾರರನ್ನು ಆ ನ್ಯಾಯಾಲಯ ಮೊದಲ ಬಾರಿ ಕಂಡಿರಬೇಕು. ದೋಣಿ ಮಾತ್ರ ದಿನಕ್ಕೆ ಹದಿನಾರು ಸಲ ಅರಗಿನ ಸೀಲಿನ ಪಕ್ಕ ಬಂದು ನಿಲ್ಲುತ್ತಿತ್ತು.

ಆರೋಪಪಟ್ಟಿ ಬರೆಸುವ ದಿನ ಮಾಲು ಎಲ್ಲಿ ಸಿಕ್ಕಿತೆಂದು ದಫೇದಾರ ಕೇಳಿದ. ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡುತ್ತಾ ಹೇಳಿದರು, "ಆಚೆ ದಡ, ಗಾಜಿನ ಮನೆಗಳಿಂದ ಸ್ವಲ್ಪ ಮೇಲೆ. ಹಾಗೇ ಬರೀರಿ."

"ಮೇಲೆ ಅಂದ್ರೆ ಕೋರ್ಟಿಗೆ ಅರ್ಥ ಆಗುತ್ತಾ ಸಾರ್?"

"ಆಗೋ ತನಕ ಕಟ್ಟೆ ಅಲ್ಲೇ ಇರಲಿ."